ಜಾಲತಾಣದ ಎಣಿಕೆಯ ಟ್ಯಾಗುಗಳು: ಅವುಗಳ ಸ್ವರೂಪವೂ ಏರ್ಪಾಡೂ

ಇತ್ತೀಚಿನ ವರ್ಷಗಳಲ್ಲಿ ನಮ್ಮ ರೈತರು ಬೆಲ್ಲ, ಅರಿಸಿನ, ಸಿರಿಧಾನ್ಯ, ಮಾವು, ಕಾಫಿ ಮೊದಲಾದ ತಮ್ಮ ಹುಟ್ಟುವಳಿಗಳನ್ನು ಕೊಳ್ಳುವವರಿಗೆ ನೇರವಾಗಿ ಮಾರುವ ಉದ್ದೇಶದಿಂದ ಉತ್ಪಾದಕರ ಕಂಪನಿಗಳನ್ನು ಏರ್ಪಡಿಸಿಕೊಂಡು, ಅವುಗಳ ಹೆಸರಿನಲ್ಲಿ ಜಾಲತಾಣಗಳನ್ನು ತೆರೆಯುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ೨೦೦೨ನೆಯ ಇಸವಿಯಲ್ಲಿ ಕಂಪನಿ ಕಾಯಿದೆಗೆ ಮಾಡಲ್ಪಟ್ಟ ತಿದ್ದುಪಡಿಯಿಂದ ಇಂತಹ ಕಂಪನಿಗಳಿಗೆ ಅವಕಾಶವುಂಟಾಯಿತು. ೨೦೨೦ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವು ಹತ್ತು ಸಾವಿರ ಉತ್ಪಾದಕರ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ಕೈಗೊಂಡ ಮೇಲೆ ಇವು ಹೋಬಳಿ ಹೋಬಳಿಗೂ ಹಬ್ಬಿದುವು. ಇವುಗಳ ನಿರ್ದೇಶಕ ಮಂಡಲಿಯಲ್ಲಿ ಕುಳಿತುಕೊಳ್ಳತಕ್ಕವರು ಬಹುಮಟ್ಟಿಗೆ ಊರಿನ ಮುಖಂಡರೂ ಅನುಭವಸ್ಥರಾದ ಹಿಡುವಳಿದಾರರೂ ಆಗಿರುವರು. ಇವರು ಮಣ್ಣಿನ ಗುಣವನ್ನೂ ತೂಕದ ಮೋಸವನ್ನೂ ಒಂದೇ ನೋಟದಲ್ಲಿ ಕಂಡುಹಿಡಿಯಬಲ್ಲವರು. ಆದರೆ ಜಾಲತಾಣದ ಲೆಕ್ಕವನ್ನು ಮಂಡಿಸಿದಾಗ ಮಾತ್ರ, ಓದಿದ ಹುಡುಗರು ಹೇಳಿದ್ದೇ ಸರಿಯೆಂದು ತಲೆದೂಗಿ ರುಜು ಹಾಕುವುದನ್ನು ಅನೇಕ ಕಡೆಗಳಲ್ಲಿ ಕಾಣುತ್ತೇವೆ.

"ಈ ತಿಂಗಳು ನಮ್ಮ ತಾಣಕ್ಕೆ ನಾಲ್ಕು ಸಾವಿರ ಮಂದಿ ಬಂದರು, ಹೋದ ತಿಂಗಳಿಗಿಂತ ಇಮ್ಮಡಿಯಾಗಿದೆ, ಆದ್ದರಿಂದ ಜಾಹೀರಾತಿನ ಬಾಬ್ತು ಮೊಬಲಗನ್ನೂ ಹೆಚ್ಚಿಸಬೇಕು" ಎಂದು ಸಭೆಯಲ್ಲಿ ಹೇಳಲ್ಪಟ್ಟರೆ, ಆ ನಾಲ್ಕು ಸಾವಿರವನ್ನು ಎಣಿಸಿದವರಾರು, ಯಾವುದನ್ನು ಒಂದೆಂದು ಎಣಿಸಿದರು, ಒಬ್ಬನನ್ನೇ ಎರಡು ಸಲ ಎಣಿಸಿಲ್ಲವಷ್ಟೆ, ಎಂದು ಕೇಳುವವರಿರಬೇಕು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ ಆಗಬಾರದು. ಏತಕ್ಕೆಂದರೆ, ಜಾಹೀರಾತಿಗೆ ಹೋಗುವ ಹಣವು ಷೇರು ಕೊಂಡ ಸಣ್ಣ ಒಕ್ಕಲುಗಳ ಹಣ. ಈ ಸಂಖ್ಯೆಗಳನ್ನು ನಂಬಿ ಆಲೆಮನೆಯವರು ಹಬ್ಬಕ್ಕೆ ಎಷ್ಟು ಕೊಪ್ಪರಿಗೆ ಬೆಲ್ಲ ಇಳಿಸಬೇಕೆಂದು ಗೊತ್ತುಮಾಡುವರು. ಆದಕಾರಣ ಈ ಎಣಿಕೆಯನ್ನು ಮಾಡತಕ್ಕ "ಟ್ಯಾಗು" ಎಂಬ ವಸ್ತುವಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗುವುದು.

ಟ್ಯಾಗೆಂದರೇನು?

ಟ್ಯಾಗೆಂದೊಡನೆ ನಮ್ಮ ರೈತರಿಗೆ ಜ್ಞಾಪಕಕ್ಕೆ ಬರುವುದು ದನಗಳ ಕಿವಿಗೆ ಪಶುಸಂಗೋಪನೆಯ ಇಲಾಖೆಯವರು ಹಾಕುವ, ಹನ್ನೆರಡು ಅಂಕಿಗಳುಳ್ಳ ಹಳದಿಯ ಕಿವಿಯೋಲೆಯು. ಜಾಲತಾಣದ ಟ್ಯಾಗಿಗೂ ಇದಕ್ಕೂ ಹೋಲಿಕೆಯುಂಟು. ಆದರೆ ಹೆಸರನ್ನು ನೋಡಿ ಹೋಲಿಸಿದರೆ ತಪ್ಪಾಗುವುದು. ಜಾಲತಾಣದ ಟ್ಯಾಗು ಬರುವವನ ಮೇಲೆ ಅಂಟಿಸುವ ಓಲೆಯಲ್ಲ. ಅದು ನಮ್ಮ ಪುಟದೊಳಗೆ ಕಣ್ಣಿಗೆ ಕಾಣದಂತೆ ಸೇರಿಸಲ್ಪಟ್ಟ ಕೆಲವು ಸಾಲುಗಳ ಆದೇಶ. ಒಬ್ಬನು ತನ್ನ ಮೊಬೈಲಿನಲ್ಲಿ ನಮ್ಮ ಪುಟವನ್ನು ತೆರೆದಾಗ, ಬೆಲ್ಲದ ಚಿತ್ರವೂ ದರಪಟ್ಟಿಯೂ ಹೇಗೆ ಅವನ ಮೊಬೈಲಿಗೆ ಇಳಿಯುವುವೋ ಹಾಗೆಯೇ ಈ ಆದೇಶವೂ ಇಳಿಯುವುದು. ಇಳಿದ ಕೂಡಲೆ ಅದು ಅವನ ಮೊಬೈಲಿನಲ್ಲಿಯೇ ಕೆಲಸಮಾಡಿ, "ಇಂಥ ಪುಟವು, ಇಂಥ ಹೊತ್ತಿನಲ್ಲಿ, ಇಂಥ ಬಗೆಯ ಯಂತ್ರದಲ್ಲಿ, ಇಂಥ ಕಡೆಯಿಂದ ಬಂದವನಿಂದ ತೆರೆಯಲ್ಪಟ್ಟಿತು" ಎಂಬ ಸಣ್ಣ ವರದಿಯನ್ನು ಎಣಿಕೆಯ ಕಂಪನಿಯ ಯಂತ್ರಗಳಿಗೆ ಕಳುಹಿಸಿಬಿಡುವುದು.

ಈ ವರದಿಯು ನಮ್ಮ ಕಛೇರಿಗೆ ಬರುವುದಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅದು ಹೋಗುವುದು ಟ್ಯಾಗನ್ನು ಕೊಟ್ಟ ಕಂಪನಿಗೆ, ಉದಾಹರಣೆಗೆ ಗೂಗಲ್ ಕಂಪನಿಗೆ. ಆ ಕಂಪನಿಯು ಕೂಡಿಸಿ ಕಳೆದು ಮಾಡಿದ ಪಟ್ಟಿಯನ್ನು ಮಾತ್ರ ನಾವು ನೋಡುವೆವು.

ಹಾಗಾದರೆ ಕಿವಿಯೋಲೆಗೆ ಸಮಾನವಾದದ್ದು ಯಾವುದು? ಅದು "ಕುಕಿ" ಎಂಬುದು. ಮೊದಲನೆಯ ಸಲ ಬಂದವನ ಬ್ರೌಸರಿನಲ್ಲಿ ಟ್ಯಾಗು ಒಂದು ಗುರುತಿನ ಸಂಖ್ಯೆಯನ್ನು ಬರೆದಿಡುವುದು. ಮರಳಿ ಬಂದಾಗ ಅದೇ ಸಂಖ್ಯೆಯನ್ನು ಓದಿ, ಇವನು ಹಳಬನೆಂದು ತಿಳಿಯುವುದು. ಓಲೆಯನ್ನು ಹಾಕುವ ಇಕ್ಕಳ ಹಿಡಿದವನು ಟ್ಯಾಗು, ಓಲೆಯು ಕುಕಿ, ಎಂದರೆ ಸರಿಹೋಗುವುದು. ಕುಕಿಯನ್ನು ೧೯೯೪ನೆಯ ಇಸವಿಯಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲ್ಲಿ ಎಂಬ ಅಮೆರಿಕದ ತಂತ್ರಜ್ಞರು ಕಲ್ಪಿಸಿದರು. ಇದಲ್ಲದೆ ಒಂದು ಚುಕ್ಕೆಯಷ್ಟೇ ಅಗಲವೂ ಒಂದು ಚುಕ್ಕೆಯಷ್ಟೇ ಎತ್ತರವೂ ಇರುವ ಕಾಣದ ಚಿತ್ರವನ್ನು ಪುಟದಲ್ಲಿರಿಸಿ, ಆ ಚಿತ್ರವು ಎಷ್ಟು ಸಲ ತರಿಸಿಕೊಳ್ಳಲ್ಪಟ್ಟಿತೆಂದು ಎಣಿಸುವ ಪದ್ಧತಿಯೂ ಉಂಟು. ಇದರಿಂದಲೇ ಇಂತಹ ಟ್ಯಾಗುಗಳಿಗೆ "ಪಿಕ್ಸೆಲ್" ಎಂಬ ಹೆಸರು ಬಂದು, ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯವರ ಟ್ಯಾಗಿಗೆ ಇಂದಿಗೂ ಅದೇ ಹೆಸರಿದೆ.

ಈಗ ಹೆಚ್ಚು ಪ್ರಚಾರದಲ್ಲಿರುವ ಎಣಿಕೆಯ ಸಾಧನವು ಗೂಗಲ್ ಅನಲಿಟಿಕ್ಸ್. ಅಮೆರಿಕದ ಅರ್ಚಿನ್ ಎಂಬ ಕಂಪನಿಯನ್ನು ಗೂಗಲಿನವರು ೨೦೦೫ನೆಯ ಇಸವಿಯಲ್ಲಿ ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಅದರ ಸಾಧನವನ್ನು ತಮ್ಮ ಹೆಸರಿನಿಂದ ಉಚಿತವಾಗಿ ಕೊಡಲಾರಂಭಿಸಿದರು. ಅದರ ಹಳೆಯ ತರಹೆಯು ೨೦೨೩ನೆಯ ಜುಲೈ ೧ರಂದು ಎಣಿಕೆಯನ್ನು ನಿಲ್ಲಿಸಿತು. ಈಗ ನಡೆಯುತ್ತಿರುವುದು ನಾಲ್ಕನೆಯ ತರಹೆ. ಕೆಲವು ಹಳೆಯ ತಾಣಗಳಲ್ಲಿ ಆ ನಿಂತುಹೋದ ಟ್ಯಾಗೇ ಇನ್ನೂ ಕುಳಿತಿರುವುದುಂಟು. ಅದು ಒಣಗಿದ ಬಾವಿಗೆ ಕಟ್ಟಿದ ರಾಟೆಯಂತೆ ನಿರುಪಯೋಗವಾದದ್ದು, ತೆಗೆಸಿಬಿಡಬೇಕು.

ಖಾತೆಯು ಯಾರ ಹೆಸರಿನಲ್ಲಿರಬೇಕು?

ಏರ್ಪಾಡಿನ ವಿಷಯಕ್ಕೆ ಬಂದರೆ, ಮೊಟ್ಟಮೊದಲು ವಿಚಾರಿಸತಕ್ಕದ್ದು ಟ್ಯಾಗಲ್ಲ, ಖಾತೆ. ತಾಣವನ್ನು ಕಟ್ಟಿಕೊಡುವವರು ಎಣಿಕೆಯ ಖಾತೆಯನ್ನು ತಮ್ಮ ಸ್ವಂತ ಹೆಸರಿನಲ್ಲಿಯೇ ತೆರೆದುಬಿಡುವುದು ಬಹಳ ಸಾಮಾನ್ಯ. ಅವರಲ್ಲಿ ಕಪಟವಿದೆಯೆಂದಲ್ಲ, ಅವರಿಗೆ ಅದು ಸುಲಭ. ಆದರೆ ಒಪ್ಪಂದವು ಮುಗಿದು ಅವರು ಹೊರಟುಹೋದ ದಿನ ಎರಡು ಮೂರು ವರ್ಷಗಳ ಲೆಕ್ಕವು ಅವರೊಡನೆಯೇ ಹೋಗುವುದು. ಜಮೀನನ್ನು ವಾರಕ್ಕೆ ಕೊಟ್ಟವನು ಪಹಣಿಯಲ್ಲಿ ಗೇಣಿದಾರನ ಹೆಸರನ್ನು ಬರೆಸುವುದಿಲ್ಲವಷ್ಟೆ. ಕಂಪನಿಯ ಹೆಸರಿನ ಮಿಂಚಂಚೆಯಿಂದ ಖಾತೆಯನ್ನು ತೆರೆದು, ನಿರ್ದೇಶಕರಲ್ಲಿ ಇಬ್ಬರಿಗಾದರೂ "ಅಡ್ಮಿನಿಸ್ಟ್ರೇಟರ್" ಎಂಬ ಪೂರ್ಣಾಧಿಕಾರವನ್ನಿರಿಸಿ, ತಾಣದ ಕೆಲಸದವರಿಗೆ ಬೇಕಾದಷ್ಟು ಅಧಿಕಾರವನ್ನು ಮಾತ್ರ ಕೊಡಬೇಕು. ಈ ವಿಷಯವನ್ನು ತಾಣ ಕಟ್ಟುವ ಕರಾರಿನಲ್ಲಿಯೇ ಒಂದು ಷರತ್ತಾಗಿ ಬರೆಸುವುದು ಉತ್ತಮ.

ಖಾತೆಯನ್ನು ತೆರೆಯುವಾಗ ಭಾರತದ ಕಾಲಮಾನವನ್ನೂ ರೂಪಾಯಿಯ ನಾಣ್ಯವನ್ನೂ ಆರಿಸತಕ್ಕದ್ದು. ಇದನ್ನು ಮರೆತಲ್ಲಿ ನಮ್ಮ ಒಂದು ದಿನದ ವ್ಯಾಪಾರವು ಎರಡು ದಿನಗಳಿಗೆ ಹಂಚಿಹೋಗಿ, ಬಿಲ್ಲಿನ ಪುಸ್ತಕಕ್ಕೂ ಎಣಿಕೆಯ ಪಟ್ಟಿಗೂ ತಾಳೆಯಾಗದು. ಖಾತೆ ತೆರೆದ ಮೇಲೆ ಜಿ ಅಕ್ಷರದಿಂದ ಮೊದಲಾಗುವ ಒಂದು ಅಳತೆಯ ಸಂಖ್ಯೆಯು ದೊರೆಯುವುದು. ಈ ಸಂಖ್ಯೆಯುಳ್ಳ ಟ್ಯಾಗನ್ನು ತಾಣದ ಎಲ್ಲಾ ಪುಟಗಳ ಶಿರೋಭಾಗದಲ್ಲಿ, ಅಂದರೆ ಪುಟದ ಆದೇಶಗಳು ಆರಂಭವಾಗುವ ಸ್ಥಳದಲ್ಲಿ, ಸೇರಿಸಬೇಕು. ಕೆಲವು ಪುಟಗಳಲ್ಲಿ ಸೇರಿಸಿ ಕೆಲವನ್ನು ಬಿಟ್ಟರೆ ಆ ಲೆಕ್ಕವು ಮರದಡಿಯಲ್ಲಿಟ್ಟ ಮಳೆಮಾಪಕದ ಲೆಕ್ಕದಂತಾಗುವುದು.

ಟ್ಯಾಗುಗಳು ಎರಡು ಮೂರಾದಲ್ಲಿ ಪ್ರತಿಯೊಂದನ್ನೂ ಪುಟದೊಳಗೆ ಬರೆಯುವುದರ ಬದಲು, ಅವೆಲ್ಲವನ್ನೂ ಇರಿಸುವ ಒಂದು ಪೆಟ್ಟಿಗೆಯನ್ನು ಮಾತ್ರ ಪುಟದಲ್ಲಿಟ್ಟು, ಪೆಟ್ಟಿಗೆಯೊಳಗಿನ ಟ್ಯಾಗುಗಳನ್ನು ಬೇರೊಂದು ಸ್ಥಳದಿಂದ ಹಾಕಿ ತೆಗೆಯುವ ಅನುಕೂಲವಿದೆ. ಗೂಗಲಿನವರ ಟ್ಯಾಗ್ ಮ್ಯಾನೇಜರ್ ಎಂಬುದು ಇಂತಹ ಪೆಟ್ಟಿಗೆ. ಇದರಲ್ಲಿ ಪ್ರತಿ ಟ್ಯಾಗಿಗೂ "ಟ್ರಿಗರ್" ಎಂಬ ಷರತ್ತನ್ನು ಗೊತ್ತುಮಾಡಬೇಕು. ಪುಟ ತೆರೆದಾಗಲೇ ಓಡತಕ್ಕದ್ದೋ, "ಆರ್ಡರು ಮಾಡಿರಿ" ಎಂಬ ಗುಂಡಿಯನ್ನು ಒತ್ತಿದಾಗ ಮಾತ್ರ ಓಡತಕ್ಕದ್ದೋ ಎಂಬುದನ್ನು ಈ ಷರತ್ತು ತಿಳಿಸುವುದು. ಯಾವ ದಿನ ಯಾರು ಏನನ್ನು ಬದಲಾಯಿಸಿದರೆಂಬುದು ಈ ಪೆಟ್ಟಿಗೆಯಲ್ಲಿ ದಾಖಲಾಗಿರುವುದಲ್ಲದೆ, ತಪ್ಪಾದಲ್ಲಿ ಹಿಂದಿನ ಸ್ಥಿತಿಗೆ ಮರಳಲೂ ಬರುವುದು. ದೊಡ್ಡ ತಾಣಗಳಿಗೆ ಇದು ಒಳ್ಳೆಯದು; ನಾಲ್ಕೈದು ಪುಟಗಳ ಸಣ್ಣ ತಾಣಕ್ಕೆ ಒಂದೇ ಟ್ಯಾಗು ಸಾಕೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಆಗುವ ಒಂದು ಕೆಡುಕನ್ನು ಹೇಳಲೇಬೇಕು. ಮೊದಲು ಟ್ಯಾಗನ್ನು ಪುಟದೊಳಗೆ ಬರೆದಿರುತ್ತಾರೆ. ಆಮೇಲೆ ಬಂದ ಇನ್ನೊಬ್ಬರು ಅದೇ ಟ್ಯಾಗನ್ನು ಪೆಟ್ಟಿಗೆಯ ಮೂಲಕವೂ ಹಾಕುತ್ತಾರೆ. ಆಗ ಒಂದೊಂದು ಪುಟದ ನೋಟವೂ ಎರಡೆರಡು ಸಲ ಎಣಿಕೆಯಾಗುವುದು. ಸಭೆಯಲ್ಲಿ "ನೋಟಗಳು ಇಮ್ಮಡಿಯಾದುವು" ಎಂಬ ಸಂತೋಷದ ಸುದ್ದಿಯು ಬರುವುದು ಬಹುಶಃ ಇದೇ ತಿಂಗಳಲ್ಲಿ. ಇದನ್ನು ಹಿಡಿಯುವ ಉಪಾಯವುಂಟು. ಹತ್ತು ಸೆಕೆಂಡುಗಳಿಗಿಂತ ಹೆಚ್ಚು ನಿಂತ ಭೇಟಿಯನ್ನಾಗಲಿ, ಎರಡು ಅಥವಾ ಹೆಚ್ಚು ಪುಟಗಳ ನೋಟವಿರುವ ಭೇಟಿಯನ್ನಾಗಲಿ, ನಾವು ಮುಖ್ಯವೆಂದು ಗುರುತಿಸಿದ ಕಾರ್ಯವೊಂದು ನಡೆದ ಭೇಟಿಯನ್ನಾಗಲಿ ಅನಲಿಟಿಕ್ಸಿನವರು "ಆಸಕ್ತಿಯ ಭೇಟಿ" ಎಂದು ಲೆಕ್ಕಕ್ಕೆ ಹಿಡಿಯುವರು. ಟ್ಯಾಗು ಇಮ್ಮಡಿಯಾಗಿದ್ದರೆ ಒಂದೇ ಪುಟವನ್ನು ನೋಡಿ ಹೊರಟವನೂ ಎರಡು ಪುಟಗಳನ್ನು ನೋಡಿದವನಾಗಿ ಕಾಣಿಸಿ, ಆಸಕ್ತಿಯ ಪ್ರಮಾಣವು ನೂರಕ್ಕೆ ನೂರರ ಸಮೀಪಕ್ಕೆ ಏರುವುದು. ಯಾವ ಅಂಗಡಿಯಲ್ಲಿಯೂ ಒಳಹೊಕ್ಕವರೆಲ್ಲರೂ ಆಸಕ್ತರಾಗಿರುವುದಿಲ್ಲ. ಅಷ್ಟು ಒಳ್ಳೆಯ ಸಂಖ್ಯೆಯನ್ನು ಕಂಡರೆ ಸಂತೋಷಪಡುವುದಕ್ಕೆ ಮುಂಚೆ ಪರೀಕ್ಷಿಸಬೇಕು.

ಕಛೇರಿಯ ಹುಡುಗರೂ ತಾಣ ಕಟ್ಟುವವರೂ ದಿನವೆಲ್ಲಾ ತಮ್ಮ ತಾಣವನ್ನೇ ತೆರೆದು ನೋಡುತ್ತಿರುವುದರಿಂದ ಅವರ ಭೇಟಿಗಳೂ ಲೆಕ್ಕದಲ್ಲಿ ಸೇರುವುವು. ಕಛೇರಿಯ ಸಂಪರ್ಕಕ್ಕೆ ಸ್ಥಿರವಾದ ಐ.ಪಿ. ವಿಳಾಸವಿದ್ದಲ್ಲಿ ಅದನ್ನು ಬಿಟ್ಟು ಎಣಿಸುವಂತೆ ಜರಡಿಯೊಂದನ್ನು ಏರ್ಪಡಿಸಬಹುದು. ಈ ಜರಡಿಯು ಮೊದಲು ಪರೀಕ್ಷೆಯ ಸ್ಥಿತಿಯಲ್ಲಿರುವುದು, ಅದನ್ನು ಜಾರಿಯ ಸ್ಥಿತಿಗೆ ತಂದ ಮೇಲೆಯೇ ಕೆಲಸಮಾಡುವುದು. ಹಿಂದಿನ ಲೆಕ್ಕವನ್ನು ಇದು ತಿದ್ದಲಾರದು.

ಮಾರಾಟದ ಎಣಿಕೆ

ಸಂತೆಗೆ ಬಂದವರೆಲ್ಲರೂ ಕೊಳ್ಳುವವರಲ್ಲ. ಆದುದರಿಂದ ಭೇಟಿಯ ಸಂಖ್ಯೆಗಿಂತ ಮುಖ್ಯವಾದದ್ದು, ಬಂದವರು ಏನು ಮಾಡಿದರೆಂಬುದು. ದರಪಟ್ಟಿಯನ್ನು ಇಳಿಸಿಕೊಂಡುದು, ದೂರವಾಣಿಯ ಸಂಖ್ಯೆಯನ್ನು ಒತ್ತಿದುದು, ಆರ್ಡರನ್ನು ಕೊಟ್ಟುದು, ಇವೇ ಮೊದಲಾದ ಕಾರ್ಯಗಳನ್ನು ಟ್ಯಾಗು ಬೇರೆ ಬೇರೆಯಾಗಿ ಎಣಿಸಬಲ್ಲುದು. ಇವುಗಳಲ್ಲಿ ಮುಖ್ಯವಾದುವನ್ನು ನಾವೇ ಆರಿಸಿ ಗುರುತಿಸಬೇಕು. ನನ್ನ ಮಟ್ಟಿಗೆ ಸಣ್ಣ ಕಂಪನಿಗೆ ಎರಡು ಸಾಕು: ಆರ್ಡರು ಮತ್ತು ದೂರವಾಣಿಯ ಕರೆಗಾಗಿ ಒತ್ತಿದುದು. ನಮ್ಮ ಗಿರಾಕಿಗಳಲ್ಲಿ ಬಹುಮಂದಿ ಪುಟವನ್ನು ನೋಡಿದ ಮೇಲೂ ಫೋನಿನಲ್ಲಿ ಮಾತಾಡಿಯೇ ಕೊಳ್ಳುವವರು. ಕರೆಯ ಗುಂಡಿಯನ್ನು ಎಣಿಸದಿದ್ದರೆ ತಾಣದಿಂದ ಆದ ಉಪಕಾರದಲ್ಲಿ ಒಂದು ದೊಡ್ಡ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಆರ್ಡರಿನ ಟ್ಯಾಗನ್ನು ಸಾಮಾನ್ಯವಾಗಿ "ತಮ್ಮ ಆರ್ಡರು ಮುಟ್ಟಿದೆ, ವಂದನೆಗಳು" ಎಂಬ ಕೊನೆಯ ಪುಟದಲ್ಲಿ ಇರಿಸುವರು. ಇಲ್ಲಿಯೇ ನಮ್ಮ ದೇಶದ ವ್ಯಾಪಾರಕ್ಕೆ ವಿಶೇಷವಾದ ತೊಡಕೊಂದು ಬರುವುದು. ಕೊಳ್ಳುವವನು ಯು.ಪಿ.ಐ. ಮೂಲಕ ಹಣವನ್ನು ಕೊಡಲು ನಮ್ಮ ಪುಟವನ್ನು ಬಿಟ್ಟು ಹಣ ಪಾವತಿಯ ಆಪಿಗೆ ಹೋಗುವನು. ಹಣ ಹೋಯಿತೆಂಬ ಗುರುತು ಅಲ್ಲಿಯೇ ಕಂಡೊಡನೆ ಎಷ್ಟೋ ಮಂದಿ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುವರು. ನಮ್ಮ ಕೊನೆಯ ಪುಟಕ್ಕೆ ಮರಳಿ ಬರುವುದೇ ಇಲ್ಲ. ಪುಟ ತೆರೆಯಲಿಲ್ಲ, ಟ್ಯಾಗು ಓಡಲಿಲ್ಲ. ಹಣವು ಬ್ಯಾಂಕಿಗೆ ಬಂದಿದೆ, ಬೆಲ್ಲವು ಪಾರ್ಸೆಲಾಗಿದೆ, ಎಣಿಕೆಯಲ್ಲಿ ಮಾತ್ರ ಮಾರಾಟವಿಲ್ಲ. ಮರಳಿ ಬಂದವರ ವಿಷಯದಲ್ಲಿ ಇನ್ನೊಂದು ತಪ್ಪಾಗಬಹುದು: ಅವರು ಹಣ ಪಾವತಿಯ ತಾಣದಿಂದ ಬಂದ ಹೊಸಬರೆಂದು ದಾಖಲಾಗಿ, ಅವರನ್ನು ಮೊದಲು ಕರೆತಂದ ಜಾಹೀರಾತಿನ ಹೆಸರು ಅಳಿಸಿಹೋಗುವುದು. ಎರಡನೆಯದಕ್ಕೆ ಪರಿಹಾರವು ಸುಲಭ. ಪಾವತಿಯ ತಾಣದ ಹೆಸರನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಅನಲಿಟಿಕ್ಸಿನ ಪಟ್ಟಿಯಲ್ಲಿ ಸೇರಿಸಿದರಾಯಿತು. ಮೊದಲನೆಯದಕ್ಕೆ, ಹಣವು ಸಂದಾಯವಾದ ಸುದ್ದಿ ನಮ್ಮ ಸರ್ವರಿಗೆ ಬಂದಾಗ ಸರ್ವರಿನಿಂದಲೇ ಎಣಿಕೆಗೆ ವರದಿ ಕಳುಹಿಸುವಂತೆ ಮಾಡಿಸಬೇಕು. ಇದಕ್ಕೆ ಸ್ವಲ್ಪ ಖರ್ಚುಂಟು. ಅದಾಗದಿದ್ದಲ್ಲಿ ಬಿಲ್ಲಿನ ಪುಸ್ತಕವನ್ನೇ ಪ್ರಮಾಣವಾಗಿಟ್ಟುಕೊಳ್ಳಬೇಕು.

ಇದರ ವಿರುದ್ಧವಾದ ತಪ್ಪೂ ಇದೆ. ಕೊನೆಯ ಪುಟವನ್ನು ಒಬ್ಬನು ಮಾರನೆಯ ದಿನ ಮತ್ತೆ ತೆರೆದು ನೋಡಿದರೆ ಮಾರಾಟವು ಎರಡಾಗಿ ಕಾಣುವುದು. ಪ್ರತಿ ಆರ್ಡರಿನೊಡನೆ ಬಿಲ್ಲಿನ ಸಂಖ್ಯೆಯನ್ನೂ ಕಳುಹಿಸುವಂತೆ ಟ್ಯಾಗನ್ನು ಬರೆಸಿದ್ದಲ್ಲಿ, ಅದೇ ಗಿರಾಕಿಯಿಂದ ಅದೇ ಸಂಖ್ಯೆಯು ಎರಡನೆಯ ಸಲ ಬಂದಾಗ ಅನಲಿಟಿಕ್ಸ್ ಅದನ್ನು ಬಿಟ್ಟುಬಿಡುವುದು. ಪಾರ್ಸೆಲು ಮುಟ್ಟಿದಾಗ ಹಣ ಕೊಡುವ ಏರ್ಪಾಡಿನಲ್ಲಿ ಮನೆಯಲ್ಲಿ ಯಾರೂ ಇಲ್ಲವೆಂದು ಹಿಂತಿರುಗಿದ ಪಾರ್ಸೆಲುಗಳು ಸಹ ಟ್ಯಾಗಿನ ಲೆಕ್ಕದಲ್ಲಿ ಮಾರಾಟಗಳೇ. ಆದ್ದರಿಂದ ಪ್ರತಿ ತಿಂಗಳೂ ಬಿಲ್ಲಿನ ಪುಸ್ತಕ, ಬ್ಯಾಂಕಿನ ಲೆಕ್ಕ, ಟ್ಯಾಗಿನ ಪಟ್ಟಿ ಈ ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕಕ್ಕೆ ಬರೆಯಿಸಿ ಸಭೆಯ ಮುಂದಿರಿಸಬೇಕು. ಟ್ಯಾಗಿನ ಸಂಖ್ಯೆಯು ಬಿಲ್ಲಿನ ಸಂಖ್ಯೆಗೆ ಸಮವಾಗಿಯೇ ಇರಬೇಕೆಂಬುದಿಲ್ಲ. ಅಂತರವು ತಿಂಗಳಿಂದ ತಿಂಗಳಿಗೆ ಒಂದೇ ಪ್ರಮಾಣದಲ್ಲಿದ್ದರೆ ಸಾಕು. ಅಂತರವು ಹಠಾತ್ತಾಗಿ ಬದಲಾದ ತಿಂಗಳಲ್ಲಿ ಎಲ್ಲಿಯೋ ಟ್ಯಾಗು ಕಳಚಿದೆಯೆಂದು ತಿಳಿಯಬೇಕು.

ಕೊಂಡಿಗೆ ಕಟ್ಟುವ ಟ್ಯಾಗು

ಇದುವರೆಗೆ ಹೇಳಿದ್ದು ಪುಟದೊಳಗಿನ ಟ್ಯಾಗು. ಇನ್ನೊಂದು ಬಗೆಯದು ನಾವು ಹೊರಗೆ ಹಂಚುವ ಕೊಂಡಿಯ ಬಾಲಕ್ಕೆ ಕಟ್ಟುವಂಥಾದ್ದು. ಇದನ್ನು ಯು.ಟಿ.ಎಂ. ಎನ್ನುವರು, ಈ ಹೆಸರಿನಲ್ಲಿ ಮೇಲೆ ಹೇಳಿದ ಅರ್ಚಿನ್ ಕಂಪನಿಯ ಮೊದಲಕ್ಷರವು ಇನ್ನೂ ಉಳಿದಿದೆ. ತಾಣದ ವಿಳಾಸದ ಕೊನೆಯಲ್ಲಿ ಪ್ರಶ್ನೆಯ ಚಿಹ್ನೆಯೊಂದನ್ನು ಹಾಕಿ, ಅದರ ಮುಂದೆ ಸೋರ್ಸ್ ಅಂದರೆ ಮೂಲ, ಮೀಡಿಯಂ ಅಂದರೆ ಸಾಧನ, ಕ್ಯಾಂಪೇನ್ ಅಂದರೆ ಪ್ರಚಾರದ ಹೆಸರು ಎಂಬ ಮೂರನ್ನು ಬರೆದರೆ ಸಾಕು. ಇನ್ನು ಕೆಲವು ಅಂಗಗಳಿದ್ದರೂ ನಮಗೆ ಅಷ್ಟಾಗಿ ಬೇಕಾಗುವುದಿಲ್ಲ. ಮೂಟೆಗಳಿಗೆ ಇಂಥ ಊರಿನದೆಂದು ಮಸಿಯಿಂದ ಗುರುತು ಹಾಕಿ ಮಂಡಿಗೆ ಕಳುಹಿಸುವಂತೆಯೇ ಇದು. ಬಂದವನು ಯಾವ ಗುರುತಿನ ಕೊಂಡಿಯಿಂದ ಬಂದನೆಂಬುದನ್ನು ಪುಟದ ಟ್ಯಾಗು ಓದಿ ದಾಖಲುಮಾಡುವುದು.

ಹಣ ಖರ್ಚಿಲ್ಲದೆ ಅತ್ಯಂತ ಹೆಚ್ಚು ಉಪಕಾರವಾಗತಕ್ಕದ್ದು ಈ ಗುರುತಿನಿಂದಲೇ. ವಾಟ್ಸಾಪ್ ಗುಂಪಿನಲ್ಲಿ ಹಂಚಿದ ಬರಿಯ ಕೊಂಡಿಯನ್ನು ಒತ್ತಿ ಬಂದವನು ಎಲ್ಲಿಂದ ಬಂದನೆಂಬುದು ಟ್ಯಾಗಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಅವನನ್ನು "ನೇರವಾಗಿ ಬಂದವನು" ಎಂಬ ಗುಂಪಿಗೆ ಹಾಕಿಬಿಡುವುದು. ಬೆಲ್ಲದ ಡಬ್ಬಿಯ ಮೇಲೆ ಮುದ್ರಿಸಿದ ಕ್ಯೂ.ಆರ್. ಚೌಕದಿಂದ ಬಂದವನ ಗತಿಯೂ ಇದೇ. ಗುಂಪಿಗೊಂದು, ಡಬ್ಬಿಗೊಂದು, ಕೃಷಿಮೇಳದ ಮಳಿಗೆಯ ಫಲಕಕ್ಕೊಂದು, ಹೀಗೆ ಬೇರೆ ಬೇರೆ ಗುರುತಿನ ಕೊಂಡಿಗಳನ್ನು ಮಾಡಿಸಿದಲ್ಲಿ ಯಾವ ದಾರಿಯಿಂದ ಎಷ್ಟು ಗಿರಾಕಿಗಳು ಬಂದರೆಂಬುದು ಸ್ಪಷ್ಟವಾಗುವುದು. ಡಬ್ಬಿಯ ಮೇಲಿನ ಚೌಕವನ್ನು ಮುದ್ರಿಸಿದ ಮೇಲೆ ತಿದ್ದಲಾಗದಾದ್ದರಿಂದ ಮುದ್ರಣಕ್ಕೆ ಮುಂಚೆಯೇ ಇದನ್ನು ಯೋಚಿಸಬೇಕು.

ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ಕಂಪನಿಯವರು ದಸರೆಯ ತಿಂಗಳಲ್ಲಿ ಫೇಸ್‌ಬುಕ್ಕಿನ ಜಾಹೀರಾತಿಗೆ ೧೨,೦೦೦ ರೂಪಾಯಿಗಳನ್ನು ವೆಚ್ಚಮಾಡಿದರು. ಅದರಿಂದ ೩,೦೦೦ ಭೇಟಿಗಳೂ ೧೫ ಆರ್ಡರುಗಳೂ ಬಂದುವು. ಹಳೆಯ ಗಿರಾಕಿಗಳ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದ ಕೊಂಡಿಯಿಂದ ೨೦೦ ಭೇಟಿಗಳೂ ೨೦ ಆರ್ಡರುಗಳೂ ಬಂದುವು. ಭೇಟಿಗಳನ್ನು ಮಾತ್ರ ನೋಡಿದವನು ಜಾಹೀರಾತನ್ನೇ ಹೊಗಳುವನು. ಆದರೆ ಜಾಹೀರಾತಿನಿಂದ ಬಂದ ಒಂದೊಂದು ಆರ್ಡರಿಗೆ ೮೦೦ ರೂಪಾಯಿ ಬಿದ್ದಿತು. ಒಂದು ಪಾರ್ಸೆಲಿನ ಬೆಲೆ ೬೦೦ ರೂಪಾಯಿಯಾದರೆ, ಕಬ್ಬಿನ ಖರ್ಚನ್ನು ಬಿಟ್ಟರೂ ಪ್ರತಿ ಪಾರ್ಸೆಲಿಗೆ ೨೦೦ ರೂಪಾಯಿ ಕೈಯಿಂದ ಹೋಯಿತು. ಕೊಂಡಿಗೆ ಗುರುತಿಲ್ಲದಿದ್ದರೆ ವಾಟ್ಸಾಪಿನ ೨೦ ಆರ್ಡರುಗಳು ಎಲ್ಲಿಂದಲೋ ತಾವಾಗಿಯೇ ಬಂದುವೆಂದು ತೋರಿ, ಮುಂದಿನ ತಿಂಗಳು ಜಾಹೀರಾತಿಗೆ ೨೦,೦೦೦ ಮಂಜೂರಾಗುತ್ತಿತ್ತು. ಆದರೂ ಒಂದೇ ತಿಂಗಳ ಲೆಕ್ಕದಿಂದ ಜಾಹೀರಾತನ್ನು ನಿಲ್ಲಿಸುವುದು ಸಹ ಆತುರವೇ. ಇಂದು ಜಾಹೀರಾತನ್ನು ನೋಡಿ ಹೋದವನು ಮುಂದೆ ಹೆಸರನ್ನು ಜ್ಞಾಪಿಸಿಕೊಂಡು ಬೇರೆ ದಾರಿಯಿಂದ ಬರುವುದುಂಟು. ಒಮ್ಮೆ ರುಚಿ ನೋಡಿದವನು ವರ್ಷಕ್ಕೆ ನಾಲ್ಕು ಸಲ ತರಿಸುವುದೂ ಉಂಟು. ಎರಡು ಮೂರು ಹಬ್ಬಗಳ ಲೆಕ್ಕವನ್ನು ಹೋಲಿಸಿ ತೀರ್ಮಾನಿಸಬೇಕು.

ಗುರುತನ್ನು ಬರೆಯುವಾಗ ಅಕ್ಷರಗಳಲ್ಲಿ ಎಚ್ಚರವಿರಬೇಕು. ಇಂಗ್ಲಿಷಿನ ದೊಡ್ಡ ಅಕ್ಷರವೂ ಚಿಕ್ಕ ಅಕ್ಷರವೂ ಇದಕ್ಕೆ ಬೇರೆ ಬೇರೆ. ಒಬ್ಬನು ವಾಟ್ಸಾಪ್ ಎಂಬುದನ್ನು ದೊಡ್ಡಕ್ಷರದಿಂದಲೂ ಇನ್ನೊಬ್ಬನು ಚಿಕ್ಕಕ್ಷರದಿಂದಲೂ ಆರಂಭಿಸಿದರೆ ಪಟ್ಟಿಯಲ್ಲಿ ಎರಡು ಮೂಲಗಳಾಗಿ ಒಡೆದುಹೋಗುವುದು. ಯಾವಾಗಲೂ ಚಿಕ್ಕಕ್ಷರವನ್ನೇ ಉಪಯೋಗಿಸಿ, ಮಾಡಿದ ಗುರುತುಗಳೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ನಮ್ಮ ತಾಣದ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವ ಒಳಗಿನ ಕೊಂಡಿಗಳಿಗೆ ಮಾತ್ರ ಈ ಗುರುತನ್ನು ಎಂದಿಗೂ ಕಟ್ಟಬಾರದು. ಕಟ್ಟಿದರೆ ಬಂದವನ ನಿಜವಾದ ಮೂಲವು ಕೆಟ್ಟುಹೋಗುವುದು.

ಎಣಿಕೆಗೆ ಸಿಕ್ಕದವು

ಪಟ್ಟಿಯಲ್ಲಿ "ಬಳಕೆದಾರರು" ಎಂಬ ತಲೆಬರಹವಿದ್ದರೂ ಅಲ್ಲಿ ಎಣಿಕೆಯಾಗಿರುವುದು ಮನುಷ್ಯರಲ್ಲ, ಬ್ರೌಸರುಗಳು. ಮನೆಯಲ್ಲಿ ಮೊಬೈಲಿನಿಂದಲೂ ಕಛೇರಿಯಲ್ಲಿ ಕಂಪ್ಯೂಟರಿನಿಂದಲೂ ನೋಡಿದ ಒಬ್ಬನೇ ಗಿರಾಕಿ ಇಬ್ಬರಾಗುವನು. ಒಂದೇ ಮೊಬೈಲನ್ನು ಉಪಯೋಗಿಸುವ ಗಂಡಹೆಂಡಿರು ಒಬ್ಬರಾಗುವರು. ಅನಲಿಟಿಕ್ಸಿನ ಕುಕಿಯ ಆಯುಸ್ಸನ್ನು ಎರಡು ವರ್ಷಗಳೆಂದು ಗೊತ್ತುಮಾಡಿದ್ದರೂ, ಕ್ರೋಮ್ ಬ್ರೌಸರು ಯಾವ ಕುಕಿಯನ್ನೂ ೪೦೦ ದಿನಗಳಿಗಿಂತ ಹೆಚ್ಚಾಗಿ ಇರಗೊಡಿಸದು. ಆಪಲ್ ಕಂಪನಿಯ ಸಫಾರಿಯಲ್ಲಿ ಇಂತಹ ಕುಕಿಯು ಏಳು ದಿನಗಳಲ್ಲಿಯೇ ಅಳಿದುಹೋಗುವುದು. ಅಂದರೆ ಐಫೋನಿನಿಂದ ತಿಂಗಳಿಗೊಮ್ಮೆ ಬರುವ ಖಾಯಂ ಗಿರಾಕಿಯು ಪ್ರತಿ ಸಲವೂ ಹೊಸಬನೇ. ಜಾಹೀರಾತು ತಡೆಯುವ ಉಪಕರಣವನ್ನು ಹಾಕಿಕೊಂಡವನ ಮೊಬೈಲಿನಲ್ಲಿ ಟ್ಯಾಗು ಓಡುವುದೇ ಇಲ್ಲ. ಅವನು ಬಂದುದು ಕೊಂಡುದು ಯಾವುದೂ ತಿಳಿಯದು.

ಊರಿನ ಲೆಕ್ಕವು ಇನ್ನೂ ಸಡಿಲವಾದದ್ದು. ಐ.ಪಿ. ವಿಳಾಸದಿಂದ ಊರನ್ನು ಊಹಿಸುವುದರಿಂದಲೂ, ಮೊಬೈಲಿನ ಸಂಪರ್ಕವು ದೂರವಾಣಿ ಕಂಪನಿಯ ದೊಡ್ಡ ಕೇಂದ್ರಗಳ ಮೂಲಕ ಹಾಯುವುದರಿಂದಲೂ, ಮಳವಳ್ಳಿಯಲ್ಲಿ ಕುಳಿತು ನೋಡಿದವನು ಬೆಂಗಳೂರಿನವನೆಂದು ಕಾಣಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಗಿರಾಕಿಗಳು ಹೆಚ್ಚಾಗಿರುವರೆಂದು ಈ ಪಟ್ಟಿಯನ್ನೇ ನಂಬಿ ಅಲ್ಲಿ ಗೋದಾಮನ್ನು ಬಾಡಿಗೆಗೆ ಹಿಡಿಯುವುದು ವಿವೇಕವಲ್ಲ. ಪಾರ್ಸೆಲುಗಳ ಮೇಲೆ ಬರೆದ ಪಿನ್‌ಕೋಡುಗಳು ನಿಮ್ಮ ಕಛೇರಿಯಲ್ಲಿಯೇ ಇವೆ. ಊರನ್ನು ತಿಳಿಯಲು ಅವೇ ಸರಿಯಾದ ಆಧಾರ.

ಗಿರಾಕಿಯ ಗುಟ್ಟು

ಇನ್ನು ಟ್ಯಾಗು ಯಾರಿಗೆ ವರದಿ ಒಪ್ಪಿಸುವುದೆಂಬ ವಿಷಯ. ಜಾಹೀರಾತು ಕಂಪನಿಗಳ ಪಿಕ್ಸೆಲನ್ನು ನಮ್ಮ ಪುಟದಲ್ಲಿ ಇರಿಸಿದರೆ, ನಮ್ಮ ಬೆಲ್ಲವನ್ನು ನೋಡಿ ಹೋದವನಿಗೆ ಮತ್ತೆ ನಮ್ಮ ಜಾಹೀರಾತನ್ನು ತೋರಿಸಲು ಅನುಕೂಲವಾಗುವುದು ನಿಜ. ಆದರೆ ಅವನ ನಡೆನುಡಿಯ ವಿವರವು ಆ ಕಂಪನಿಯ ಉಗ್ರಾಣವನ್ನೂ ಸೇರುವುದು. ಜಾಹೀರಾತನ್ನೇ ಕೊಡದ ಕಂಪನಿಯ ತಾಣದಲ್ಲಿ, ಹಿಂದೆ ಎಂದೋ ಹಾಕಿದ ಪಿಕ್ಸೆಲುಗಳು ಎರಡು ಮೂರು ಕುಳಿತಿರಲು ಯಾವ ಕಾರಣವೂ ಇಲ್ಲ. ಇವು ಬೇಲಿಯಲ್ಲಿ ಬಿಟ್ಟ ಕಂಡಿಗಳಂತೆ. ಇದಲ್ಲದೆ ಪ್ರತಿಯೊಂದು ಟ್ಯಾಗೂ ಪುಟದ ಭಾರವನ್ನು ಹೆಚ್ಚಿಸಿ, ಸಿಗ್ನಲು ದುರ್ಬಲವಾದ ಕಡೆಗಳಲ್ಲಿ ತಾಣವು ತೆರೆಯುವುದನ್ನು ತಡಮಾಡುವುದು.

ಆರ್ಡರಿನ ನಮೂನೆಯಲ್ಲಿ ಬರೆದ ದೂರವಾಣಿ ಸಂಖ್ಯೆಯೂ ಹೆಸರೂ ಪುಟದ ವಿಳಾಸದಲ್ಲಿ ಸೇರಿಕೊಳ್ಳುವಂತೆ ಕೆಲವು ತಾಣಗಳು ಕಟ್ಟಲ್ಪಟ್ಟಿರುವುವು. ಟ್ಯಾಗು ಪುಟದ ವಿಳಾಸವನ್ನು ಇದ್ದುದಿದ್ದಂತೆ ವರದಿಮಾಡುವುದರಿಂದ ಗಿರಾಕಿಯ ಸಂಖ್ಯೆಯು ಹೊರಗಿನ ಕಂಪನಿಗೆ ಹೋಗಿಬಿಡುವುದು. ಇದನ್ನು ಗೂಗಲಿನವರ ನಿಬಂಧನೆಗಳೇ ನಿಷೇಧಿಸಿವೆ. ೨೦೨೩ನೆಯ ಇಸವಿಯ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇಂತಹ ವಿವರಗಳನ್ನು ಸಂಗ್ರಹಿಸುವವರ ಮೇಲೆ ಜವಾಬ್ದಾರಿಯನ್ನು ಹೊರಿಸಿದೆ. ಅದರ ನಿಯಮಗಳು ೨೦೨೫ನೆಯ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲ್ಪಟ್ಟಿವೆ. ಏನನ್ನು ಸಂಗ್ರಹಿಸುತ್ತೇವೆ, ಏತಕ್ಕಾಗಿ ಎಂಬುದನ್ನು ಗಿರಾಕಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು; ಆ ತಿಳಿವಳಿಕೆಯ ಪತ್ರವನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವು ಗಿರಾಕಿಗಿರಬೇಕು. ಕನ್ನಡವೂ ಅವುಗಳಲ್ಲಿ ಒಂದಾಗಿರುವುದರಿಂದ ನಮ್ಮ ತಾಣಗಳು ಇದನ್ನು ಸರಳವಾದ ಕನ್ನಡದಲ್ಲಿಯೇ ಬರೆಯಿಸಬಹುದು. ಲೆಕ್ಕವನ್ನು ಹೊರಗೆ ಕೊಡಲು ಇಷ್ಟವಿಲ್ಲದವರಿಗೆ ಮಾಟೊಮೊ ಎಂಬ ಸಾಧನವುಂಟು. ಅದನ್ನು ಕಂಪನಿಯ ಸ್ವಂತ ಸರ್ವರಿನಲ್ಲಿಯೇ ನಡೆಸಬಹುದು. ನೋಡಿಕೊಳ್ಳುವ ಆಳು ಬೇಕಾಗುವುದರಿಂದ ಸಣ್ಣ ಕಂಪನಿಗಳಿಗೆ ಇದು ಹೊರೆಯೇ.

ಅನಲಿಟಿಕ್ಸಿನಲ್ಲಿ ಒಂದೊಂದು ಕಾರ್ಯದ ಮಟ್ಟದ ವಿವರವು ನಾವು ಬದಲಾಯಿಸದಿದ್ದರೆ ಎರಡು ತಿಂಗಳ ಕಾಲ ಮಾತ್ರ ಉಳಿಯುವುದು. ಈ ಸುಗ್ಗಿಯನ್ನು ಹೋದ ಸುಗ್ಗಿಯೊಡನೆ ವಿವರವಾಗಿ ಹೋಲಿಸಬೇಕಾದಲ್ಲಿ ಆರಂಭದಲ್ಲಿ ತಾನೇ ಈ ಅವಧಿಯನ್ನು ಹದಿನಾಲ್ಕು ತಿಂಗಳುಗಳಿಗೆ ಏರಿಸಿಡಬೇಕು.

ಹಬ್ಬದ ವ್ಯಾಪಾರಕ್ಕೆ ಹದಿನೈದು ದಿನ ಮುಂಚೆ ನಿರ್ದೇಶಕರಲ್ಲೊಬ್ಬರು ಕಛೇರಿಯ ಸಂಪರ್ಕವನ್ನು ಬಿಟ್ಟು ತಮ್ಮ ಮೊಬೈಲಿನ ಸಂಪರ್ಕದಿಂದಲೇ, ಗುರುತು ಕಟ್ಟಿದ ಕೊಂಡಿಯನ್ನು ಒತ್ತಿ ತಾಣವನ್ನು ತೆರೆದು, ಒಂದು ಕಿಲೋ ಬೆಲ್ಲಕ್ಕೆ ಆರ್ಡರು ಕೊಟ್ಟು ಯು.ಪಿ.ಐ. ಮೂಲಕ ಹಣವನ್ನು ಸಲ್ಲಿಸಬೇಕು. ಅದೇ ಹೊತ್ತಿಗೆ ಕಾರ್ಯದರ್ಶಿಯವರು ಅನಲಿಟಿಕ್ಸಿನ ತತ್ಕ್ಷಣದ ಪಟ್ಟಿಯನ್ನು ತೆರೆದುಕೊಂಡು ಕುಳಿತಿರಬೇಕು. ಅದರಲ್ಲಿ ಕಳೆದ ಮೂವತ್ತು ನಿಮಿಷಗಳ ಸಂಗತಿಗಳು ಕಾಣುವುವು. ಪುಟದ ನೋಟವು ಒಂದೇ ಸಲ ಬಂದಿತೇ, ಆರ್ಡರು ಬಂದಿತೇ, ರೂಪಾಯಿಯ ಮೊತ್ತವು ಸರಿಯಾಗಿದೆಯೇ ಎಂಬುದನ್ನು ಅಲ್ಲಿ ನೋಡಿ, ಮೂಲದ ಹೆಸರು ನಾವು ಬರೆದಂತೆಯೇ ಇದೆಯೇ ಎಂಬುದನ್ನು ಮಾರನೆಯ ದಿನದ ಪಟ್ಟಿಯಲ್ಲಿ ತಾಳೆನೋಡಬೇಕು. ಹಣ ಸಲ್ಲಿಸಿದ ಮೇಲೆ ಪುಟಕ್ಕೆ ಮರಳದೆ ಇನ್ನೊಂದು ಆರ್ಡರನ್ನೂ ಹೀಗೆಯೇ ಪರೀಕ್ಷಿಸಿ, ಎರಡನ್ನೂ ಬಿಲ್ಲಿನ ಪುಸ್ತಕದಲ್ಲಿ "ಪರೀಕ್ಷೆ" ಎಂದು ಗುರುತುಮಾಡಿ ತಿಂಗಳ ಲೆಕ್ಕದಿಂದ ಕಳೆಯತಕ್ಕದ್ದು.